ಬಾಣಂತಿಯ ಹೊಟ್ಟೆಕಟ್ಟು: ನಂಬಿಕೆ ಎಷ್ಟು, ಸತ್ಯ ಎಷ್ಟು?

ತಪ್ಪು ಕಲ್ಪನೆ: ಹೆರಿಗೆಯಾದ ಮೇಲೆ ಬಿಗಿಯಾಗಿ ಕಟ್ಟಿದರೆ ಮಾತ್ರ ಹೊಟ್ಟೆ ಇಳಿಯುತ್ತದೆ, ಕಟ್ಟದಿದ್ದರೆ ಗಾಳಿ ಸೇರಿಕೊಂಡು ಹಾಗೇ ಉಳಿದುಬಿಡುತ್ತದೆ.

ಸತ್ಯ: ಹೊಟ್ಟೆಯನ್ನು ಇಳಿಸುವುದು ದೇಹ. ಬಟ್ಟೆ ಕೊಡುವುದು ಆಧಾರ ಮಾತ್ರ.

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಬಾಣಂತನದಲ್ಲಿ ಎಣ್ಣೆನೀರಾದ ಮೇಲೆ ಹಳೆಯ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಚಿ ಹೊಟ್ಟೆಗೆ ಸುತ್ತಿ ಬಿಗಿಯುವುದು ರೂಢಿ. ಈಗ ಎಷ್ಟೋ ಮನೆಗಳಲ್ಲಿ ಸೀರೆಯ ಜಾಗಕ್ಕೆ ಮೆಡಿಕಲ್ ಸ್ಟೋರಿನ ಬೆಲ್ಟ್ ಬಂದಿದೆ. ನಂಬಿಕೆ ಮಾತ್ರ ಬದಲಾಗಿಲ್ಲ. ಹೆರಿಗೆಯಾದ ತಕ್ಷಣ ಗರ್ಭಕೋಶ ಸುಮಾರು 1 ಕಿಲೋ ತೂಗುತ್ತದೆ, ಹೊಕ್ಕುಳದ ಹತ್ತಿರ ಕೈಗೆ ಗಟ್ಟಿಯಾಗಿ ಸಿಗುತ್ತದೆ. ಎರಡು ವಾರದ ಹೊತ್ತಿಗೆ ಹೊರಗಿನಿಂದ ಮುಟ್ಟಿದರೆ ಸಿಗದಷ್ಟು ಕೆಳಗಿಳಿಯುತ್ತದೆ. ಆರು ವಾರಕ್ಕೆ ತೂಕ ಸುಮಾರು 100 ಗ್ರಾಂ ಅಥವಾ ಇನ್ನೂ ಕಡಿಮೆ. ಈ ಕೆಲಸ ಗರ್ಭಕೋಶದ ಸ್ನಾಯುಗಳದ್ದು. ಮಗು ಹಾಲು ಚೀಪಿದಾಗ ಸ್ರವಿಸುವ ಆಕ್ಸಿಟೋಸಿನ್ ಅವನ್ನು ಇನ್ನಷ್ಟು ಕುಗ್ಗಿಸುತ್ತದೆ. ಹಾಲೂಡುವಾಗ ಕಿಬ್ಬೊಟ್ಟೆ ಹಿಂಡಿದಂತಾಗುವುದು ಅದರಿಂದಲೇ. ಕಟ್ಟು ಕಟ್ಟಿದ ವಾರಗಳಲ್ಲೇ ಇದೆಲ್ಲ ನಡೆಯುವುದರಿಂದ ಹೆಸರು ಸೀರೆಗೆ ಬಂತು. ಇನ್ನು ಗಾಳಿ ತುಂಬುವುದು ಕರುಳಿನಲ್ಲಿ. ಅದು ಹೊರಗಿನಿಂದ ಬಂದು ಖಾಲಿ ಗರ್ಭಕೋಶದಲ್ಲಿ ಕೂರುವುದಿಲ್ಲ. ಮೆಲ್ಲಗೆ ಓಡಾಡಿದರೆ ಹೊರಹೋಗುತ್ತದೆ.

ವಿಕ್ಟೋರಿಯಾ ರಾಣಿಯ ಕಾಲದ ಹೆಂಗಸರು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ ಕಾರ್ಸೆಟ್ ಎಂಬ ಒಳಉಡುಪಿನ ವಿಷಯದಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಹೋಯಿತು. ಇಲ್ಲಿ ಬಟ್ಟೆಗೆ ಇಲ್ಲದ ಗುಣ ಕಟ್ಟಿದರು, ಅಲ್ಲಿ ಇಲ್ಲದ ದೋಷಗಳನ್ನೂ ಹೊರಿಸಿದರು. ಸೊಂಟ ಸಣ್ಣದಾಗಲೆಂದು ಹೆಂಗಸರು ಪಕ್ಕೆಲುಬು ತೆಗೆಸುತ್ತಿದ್ದರು ಎಂಬ ಕಥೆಗೆ ನಂಬುವಂಥ ದಾಖಲೆಯಿಲ್ಲ. ಇಂಗ್ಲೆಂಡಿನ ಲೆಸ್ಟರ್‌ಷೈರಿನ ಸೈಮಿಂಗ್ಟನ್ ಸಂಗ್ರಹದ 197 ಕಾರ್ಸೆಟ್‌ಗಳಲ್ಲಿ ಸೊಂಟದ ಅಳತೆ 18 ಇಂಚಿರುವುದು ಒಂದೇ ಒಂದು. ಹೆಚ್ಚಿನವು 20ರಿಂದ 26 ಇಂಚು. ಹಾಗೆಂದು ಅದು ನಿರಪಾಯಕಾರಿಯೂ ಅಲ್ಲ: ವರ್ಷಗಟ್ಟಲೆ ಬಿಗಿದರೆ ಪಕ್ಕೆಲುಬಿನ ಆಕಾರ ಬದಲಾಗುತ್ತಿತ್ತು, ಉಸಿರು ಕುಗ್ಗುತ್ತಿತ್ತು.

“ನಮ್ಮಜ್ಜಿಯರೆಲ್ಲ ಕಟ್ಟಿಕೊಂಡವರೇ, ಅವರ ಹೊಟ್ಟೆ ಇಳಿಯಲಿಲ್ಲವೇ?” ಎಂದು ಕೇಳಬಹುದು. ಇಳಿಯಿತು; ಕಟ್ಟದಿದ್ದರೂ ಗರ್ಭಕೋಶ ಕುಗ್ಗುತ್ತಿತ್ತು. ಸಿಸೇರಿಯನ್ ಆದವರಿಗೆ ವೈದ್ಯರೇ ಬೆಲ್ಟ್ ಹೇಳುತ್ತಾರಲ್ಲ ಎಂಬ ಮಾತೂ ನಿಜ. ಹೊಲಿಗೆಯ ಜಾಗಕ್ಕೆ ಆಸರೆಯಿದ್ದರೆ ಕೆಮ್ಮುವಾಗ, ಏಳುವಾಗ ನೋವು ಕಡಿಮೆಯೆನಿಸಬಹುದು. ಆದರೆ ಆಸರೆ ಬೇರೆ, ಬಿಗಿತ ಬೇರೆ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗೆ, ಹೆರಿಗೆಯಲ್ಲಿ ಮೊದಲೇ ಸಡಿಲವಾದ ಸ್ನಾಯುಗಳ ಮೇಲೆ ಬೀಳುತ್ತದೆ. ಹಿಗ್ಗಿದ ಹೊಟ್ಟೆಯ ಸ್ನಾಯುಗಳಿಗೆ ಬಲ ಬರುವುದು ವೈದ್ಯರು ಹೇಳಿಕೊಟ್ಟ ವ್ಯಾಯಾಮದಿಂದ. ಹೊಟ್ಟೆ ದಪ್ಪವಾದೀತೆಂದು ನೀರು ಕಡಿಮೆ ಕೊಡುವುದಂತೂ ಬಾಣಂತಿಗೆ ಮಾಡುವ ಅನ್ಯಾಯ. ಆಶಾ ಕಾರ್ಯಕರ್ತೆ 42ನೇ ದಿನದವರೆಗೂ ಮನೆಗೆ ಬರುತ್ತಾರೆ. ಸಂಶಯವಿದ್ದರೆ ಅವರನ್ನು ಕೇಳಿ. ಕಟ್ಟಿಕೊಂಡರೆ ಹಿತವೆನಿಸುವವರು ಸಡಿಲವಾಗಿ ಕಟ್ಟಿಕೊಳ್ಳಲಿ, ಬೇಡವೆನ್ನುವವರನ್ನು ಹೆದರಿಸುವುದು ಬೇಡ.