ಸೈಕಲ್ಲಿನ ಚೌಕಟ್ಟು: ಯಾವುದು ಯಾರಿಗೆ ಹಿತ?

ಒಂದು ಕಾಲದಲ್ಲಿ ಸೈಕಲ್ಲು ನಮ್ಮ ನಾಡಿನಲ್ಲಿ ಕಾಯಕದ ಒಡನಾಡಿಯಾಗಿತ್ತು. ಶಾಲೆಯ ಮಾಸ್ತರರು, ಅಂಚೆಯವರು, ಹಾಲು ಮಾರುವವರು, ಸಂತೆಗೆ ಕಾಯಿಪಲ್ಲೆ ಒಯ್ಯುವ ರೈತರು ಅದನ್ನು ನೆಚ್ಚಿಯೇ ಸಂಸಾರ ಸಾಗಿಸಿದರು. ಅದರ ಚೌಕಟ್ಟು ಯಾವುದರಿಂದ ಆದದ್ದು ಎಂಬ ಪ್ರಶ್ನೆಯೇ ಅಂದು ಹುಟ್ಟುತ್ತಿರಲಿಲ್ಲ. ನಮ್ಮ ಅಂಗಡಿಗಳಲ್ಲಿ ಉಕ್ಕಲ್ಲದೆ ಬೇರೊಂದು ಸಿಗುತ್ತಿರಲಿಲ್ಲ. ಇಂದು ಅದೇ ಸೈಕಲ್ಲು ಆರೋಗ್ಯದ ಸಾಧನವಾಗಿ, ಹವ್ಯಾಸವಾಗಿ ಮಧ್ಯಮವರ್ಗದ ಮನೆಗಳಿಗೆ ಮರಳಿ ಬಂದಿದೆ. ರಜೆಯ ದಿನ ಬೆಳಗಿನ ಜಾವದಲ್ಲಿ ಬೆಂಗಳೂರಿನಿಂದ ನಂದಿಬೆಟ್ಟದ ಕಡೆಗೆ ಸಾಲುಸಾಲಾಗಿ ಸಾಗುವ ಸವಾರರನ್ನು ಯಾರಾದರೂ ಕಾಣಬಹುದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಂತೂ ಬಹುಕಾಲದಿಂದ ನಾಡಿಗೆ ಸೈಕಲ್ ಪಟುಗಳನ್ನು ಕೊಡುತ್ತ ಬಂದಿವೆ.

ಇಂಥವರು ಬಯಸುವುದು ಬಾಗಿದ ಹ್ಯಾಂಡಲ್ಲು, ಕಿರಿದಾದ ಟಯರುಗಳುಳ್ಳ ‘ರೋಡ್ ಬೈಕ್’ ಎಂಬ ಸೈಕಲ್ಲನ್ನು. ಕೊಳ್ಳಹೋದವರಿಗೆ ಅಂಗಡಿಯಲ್ಲಿ ಬೇಗನೆ ಎದುರಾಗುವ ಪ್ರಶ್ನೆ: ಚೌಕಟ್ಟು ಉಕ್ಕಿನದೋ, ಅಲ್ಯೂಮಿನಿಯಮ್ಮಿನದೋ, ಟೈಟೇನಿಯಮ್ಮಿನದೋ, ಕಾರ್ಬನ್ನಿನದೋ? ಬೆಲೆಯಾದರೋ ಕೆಲವು ಹತ್ತು ಸಾವಿರಗಳಿಂದ ಹಲವು ಲಕ್ಷಗಳವರೆಗೆ. ಮನೆಯ ಹಣವೂ ಸವಾರನ ಮೈಮೂಳೆಯೂ ಎರಡೂ ಈ ಉತ್ತರವನ್ನು ಅವಲಂಬಿಸಿರುವುದರಿಂದ, ಪಂದ್ಯಕ್ಕಾಗಿಯಲ್ಲದೆ ಆರೋಗ್ಯಕ್ಕಾಗಿ, ಸಂತೋಷಕ್ಕಾಗಿ ಸೈಕಲ್ಲು ತುಳಿಯುವವರ ದೃಷ್ಟಿಯಿಂದ ಈ ವಿಷಯವನ್ನು ವಿಚಾರಿಸುವುದು ಲೇಸೆಂದು ಬಗೆದಿದ್ದೇವೆ.

ಕೊಳವೆಯ ಗುಟ್ಟು

ಇಂದಿನ ಸೈಕಲ್ಲಿನ ರೂಪಕ್ಕೆ ತಳಹದಿ ಬಿದ್ದದ್ದು 1885ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲೆ ಹೊರತಂದ ರೋವರ್ ಸೈಕಲ್ಲಿನಿಂದ. ಅಂದಿನಿಂದ ಇಂದಿನವರೆಗೆ ಚೌಕಟ್ಟಿನ ಬಲವೆಲ್ಲ ಕೊಳವೆಯಲ್ಲಿದೆ. ಮೇದರ ಕೇತಯ್ಯನ ಕಾಯಕದ ಬಿದಿರನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಬಿದಿರು ಒಳಗೆ ಪೊಳ್ಳು. ಆದರೂ ಬಾಗಿಸಹೋದರೆ ಬೇಗನೆ ಮಣಿಯದು. ಗೋಡೆಯ ದಪ್ಪವನ್ನು ಹಾಗೆಯೇ ಇರಿಸಿ ಕೊಳವೆಯ ವ್ಯಾಸವನ್ನು ಇಮ್ಮಡಿಗೊಳಿಸಿದರೆ ತೂಕ ಇಮ್ಮಡಿಯಾಗುತ್ತದೆ, ಬಾಗದಿರುವ ಬಿಗುವು ಮಾತ್ರ ಎಂಟು ಮಡಿಯಾಗುತ್ತದೆ. ಅಲ್ಯೂಮಿನಿಯಮ್ಮಿನ ಸೈಕಲ್ಲುಗಳ ಕೊಳವೆಗಳು ದಪ್ಪವಾಗಿ ಕಾಣುವುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಸೋಜಿಗದ ಸಂಗತಿಯಿದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ, ಟೈಟೇನಿಯಂ 4.5 ಗ್ರಾಂ, ಅಲ್ಯೂಮಿನಿಯಂ 2.7 ಗ್ರಾಂ. ಬಿಗುವನ್ನು ಅಳೆಯುವ ಗಿಗಾಪಾಸ್ಕಲ್ ಮಾನದಲ್ಲಿ ಉಕ್ಕು ಸುಮಾರು 200, ಟೈಟೇನಿಯಂ ಸುಮಾರು 108, ಅಲ್ಯೂಮಿನಿಯಂ ಸುಮಾರು 70. ಬಿಗುವನ್ನು ತೂಕದಿಂದ ಭಾಗಿಸಿ ನೋಡಿದರೆ ಮೂರೂ ಲೋಹಗಳಿಗೆ ಬರುವ ಫಲ ಹೆಚ್ಚುಕಡಿಮೆ ಒಂದೇ. ಅಂದಮೇಲೆ ಮೇಲುಕೀಳನ್ನು ನಿರ್ಣಯಿಸುವುದು ಲೋಹದ ಹೆಸರಿಗಿಂತ ಹೆಚ್ಚಾಗಿ ಅದನ್ನು ಕೊಳವೆಯಾಗಿಸಿದ, ಬೆಸೆದ ಕುಶಲತೆಯೇ ಸರಿ.

ಉಕ್ಕು

ಉಕ್ಕಿನಲ್ಲಿ ಎರಡು ಬಗೆಯನ್ನು ಗುರುತಿಸಬೇಕು. ಅಗ್ಗದ ಸೈಕಲ್ಲಿನ ಸಾಧಾರಣ ಉಕ್ಕು ಭಾರವಾದದ್ದು. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ‘ಕ್ರೋಮೋಲಿ’ ಉಕ್ಕು ಹೆಚ್ಚು ಬಲವುಳ್ಳದ್ದಾದುದರಿಂದ ಅದರ ಕೊಳವೆಯ ಗೋಡೆಯನ್ನು ತೆಳುವಾಗಿಸಬಹುದು. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಸಂಸ್ಥೆ 1897ರಲ್ಲಿಯೇ ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಕೊಳವೆಗೆ ಪೇಟೆಂಟ್ ಪಡೆದಿತ್ತು; 1935ರಲ್ಲಿ ಅದು ಹೊರತಂದ ‘531’ ಎಂಬ ಮ್ಯಾಂಗನೀಸ್–ಮಾಲಿಬ್ಡಿನಂ ಉಕ್ಕು ದಶಕಗಳ ಕಾಲ ಪಂದ್ಯದ ಸೈಕಲ್ಲುಗಳನ್ನು ಆಳಿತು. ಒಳ್ಳೆಯ ಉಕ್ಕಿನ ಚೌಕಟ್ಟು ಎರಡು ಕಿಲೋಗ್ರಾಂ ಆಸುಪಾಸಿನಲ್ಲಿರುತ್ತದೆ.

ಉಕ್ಕಿನ ದೊಡ್ಡ ಗುಣ ಅದರ ತಾಳ್ಮೆ. ಒಂದು ಮಿತಿಯೊಳಗಿನ ಕುಲುಕಾಟವನ್ನು ಅದು ಎಷ್ಟು ಬಾರಿಯಾದರೂ ಸಹಿಸಿಕೊಳ್ಳುತ್ತದೆ. ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಒಮ್ಮೆಲೇ ಮುರಿಯದೆ ಬಾಗುತ್ತದೆ, ಮುನ್ಸೂಚನೆ ಕೊಡುತ್ತದೆ. ಕೆಟ್ಟರೆ ಬೆಸೆಯಬಹುದು. ಆದರೆ ನಡುಭಾಗದಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು ದಪ್ಪವಿರುವ ಕೊಳವೆಯನ್ನು ಗೇಟು, ಕಿಟಕಿಯ ಸರಳು ಬೆಸೆಯುವ ಅಂಗಡಿಗೆ ಒಪ್ಪಿಸಲಾಗದು. ತೆಳುಕೊಳವೆಯ ಕೆಲಸ ಬಲ್ಲವರೇ ಆಗಬೇಕು. ಉಕ್ಕಿನ ಶತ್ರು ತುಕ್ಕು. ಅದು ಹೊರಗಿನ ಬಣ್ಣದ ಮರೆಯಲ್ಲಿ, ಕೊಳವೆಯ ಒಳಗಿನಿಂದಲೂ ತಿನ್ನಬಲ್ಲದು. ಕಾರವಾರ, ಮಂಗಳೂರಿನಂತಹ ಕರಾವಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ತುಳಿಯುವವರು ಸೀಟಿನ ಕಂಬವನ್ನು ಆಗಾಗ ಹೊರತೆಗೆದು ನೀರು ಬಸಿದು, ಗ್ರೀಸು ಹಚ್ಚಿಡುವುದು ಅವಶ್ಯ.

ಅಲ್ಯೂಮಿನಿಯಂ

1983ರಲ್ಲಿ ಅಮೆರಿಕದ ಕ್ಯಾನನ್‌ಡೇಲ್ ಸಂಸ್ಥೆ ದಪ್ಪ ಕೊಳವೆಗಳ ಅಲ್ಯೂಮಿನಿಯಂ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. 1998ರಲ್ಲಿ ಮಾರ್ಕೊ ಪಂಟಾನಿ ಟೂರ್ ಡಿ ಫ್ರಾನ್ಸ್ ಗೆದ್ದದ್ದು ಅಲ್ಯೂಮಿನಿಯಂ ಚೌಕಟ್ಟಿನ ಮೇಲೆಯೇ. 6061, 7005 ಎಂಬ ಸಂಖ್ಯೆಗಳಿಂದ ಕರೆಯಲಾಗುವ ಮಿಶ್ರಲೋಹಗಳು ಇದಕ್ಕೆ ಬಳಕೆಯಲ್ಲಿವೆ. ಬೆಸುಗೆಯ ಕಾವು 6061ರ ಬಲವನ್ನು ಕುಂದಿಸುವುದರಿಂದ ಇಡೀ ಚೌಕಟ್ಟನ್ನು ಕಾರ್ಖಾನೆಯಲ್ಲಿ ಮತ್ತೆ ಕಾಯಿಸಿ ಹದಗೊಳಿಸಬೇಕಾಗುತ್ತದೆ. ಈ ಕಾರಣದಿಂದಲೇ ಒಡೆದ ಅಲ್ಯೂಮಿನಿಯಂ ಚೌಕಟ್ಟನ್ನು ಊರಿನಲ್ಲಿ ಬೆಸೆಯಿಸಿ ನೆಚ್ಚುವುದು ಸಲ್ಲದು.

ಉಕ್ಕಿಗಿರುವಂತಹ ತಾಳ್ಮೆಯ ಮಿತಿ ಈ ಲೋಹಕ್ಕಿಲ್ಲ. ಸಣ್ಣ ಕುಲುಕಾಟಗಳೂ ಅಷ್ಟಿಷ್ಟು ಲೆಕ್ಕಕ್ಕೆ ಸೇರುತ್ತ ಹೋಗುತ್ತವೆ. ನಿರ್ಮಾಪಕರು ಇದನ್ನರಿತೇ ಬಲವನ್ನು ಹೆಚ್ಚಾಗಿ ಇರಿಸಿರುತ್ತಾರಾದ ಕಾರಣ ಹವ್ಯಾಸಿ ಸವಾರರು ಭಯಪಡಬೇಕಾಗಿಲ್ಲ. ಆದರೂ ವರ್ಷಕ್ಕೆರಡು ಬಾರಿ ಚೌಕಟ್ಟನ್ನು ಒರೆಸಿ, ಬೆಸುಗೆಗಳ ಅಂಚಿನಲ್ಲಿ ಕೂದಲೆಳೆಯಂತಹ ಗೆರೆ ಮೂಡಿದೆಯೇ ಎಂದು ಪರೀಕ್ಷಿಸಬೇಕು. ಗೆರೆ ಕಂಡರೆ ಆ ಚೌಕಟ್ಟಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ತೂಕ ಕಡಿಮೆ, ಬೆಲೆ ಕಡಿಮೆ, ಉಕ್ಕಿನಂತೆ ತುಕ್ಕು ಹಿಡಿಯದು. ಸಾಮಾನ್ಯ ಸಂಸಾರಸ್ಥನಿಗೆ ಈ ಮೂರು ಗುಣಗಳು ಸಣ್ಣವೇನೂ ಅಲ್ಲ.

ಟೈಟೇನಿಯಂ

ಶೇಕಡಾ 3 ಅಲ್ಯೂಮಿನಿಯಂ, 2.5 ವೆನೆಡಿಯಂ ಬೆರೆತ ಟೈಟೇನಿಯಂ ಚೌಕಟ್ಟುಗಳಿಗೆ ಹೆಚ್ಚಾಗಿ ಬಳಕೆಯಾಗುತ್ತದೆ. ಉಕ್ಕಿನ ತಾಳ್ಮೆಯೂ ಇದಕ್ಕಿದೆ, ತುಕ್ಕಿನ ಭಯವೂ ಇಲ್ಲ. ಬಣ್ಣ ಬಳಿಯದೆಯೇ ಬಳಸಬಹುದು. ಆದರೆ ಕಾದ ಟೈಟೇನಿಯಂ ಗಾಳಿಯನ್ನು ಹೀರಿ ಪೆಡಸಾಗುವುದರಿಂದ ಆರ್ಗಾನ್ ಅನಿಲದ ಮರೆಯಲ್ಲಿಯೇ ಬೆಸೆಯಬೇಕು. ಲೋಹವೂ ದುಬಾರಿ, ಶ್ರಮವೂ ದುಬಾರಿ. ಜೀವಮಾನಕ್ಕೊಂದೇ ಸೈಕಲ್ಲು ಸಾಕೆಂಬ, ಹಣದ ಅನುಕೂಲವುಳ್ಳವರಿಗೆ ಇದು ಒಪ್ಪುತ್ತದೆ.

ಕಾರ್ಬನ್

ಕಾರ್ಬನ್ ಚೌಕಟ್ಟು ಲೋಹದ್ದಲ್ಲ. ತಲೆಗೂದಲಿನ ಹತ್ತರಲ್ಲೊಂದು ಪಾಲಿನಷ್ಟು ಸಣ್ಣ ಇಂಗಾಲದ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಅದ್ದಿ, ಪದರಪದರವಾಗಿ ಅಚ್ಚಿನಲ್ಲಿ ಹಾಸಿ, ಕಾವು ಒತ್ತಡಗಳಿಂದ ಗಟ್ಟಿಗೊಳಿಸಿ ಇದನ್ನು ಮಾಡುತ್ತಾರೆ. ನುಲಿಯ ಚಂದಯ್ಯ ಹುಲ್ಲನ್ನು ಹೊಸೆದು ಹಗ್ಗ ಮಾಡುತ್ತಿದ್ದನಷ್ಟೆ; ಹಗ್ಗದ ಬಲವೆಲ್ಲ ಎಳೆಯ ಉದ್ದಕ್ಕೆ. ಇಂಗಾಲದ ಎಳೆಯೂ ಹಾಗೆಯೇ. ಎಲ್ಲಿ ಬಿಗುವು ಬೇಕೋ ಅಲ್ಲಿ ಎಳೆಗಳನ್ನು ಒಂದು ದಿಕ್ಕಿಗೆ, ಎಲ್ಲಿ ಬಳುಕು ಬೇಕೋ ಅಲ್ಲಿ ಮತ್ತೊಂದು ದಿಕ್ಕಿಗೆ ಹಾಸುವ ಸ್ವಾತಂತ್ರ್ಯ ನಿರ್ಮಾಪಕನಿಗಿದೆ. 1986ರಲ್ಲಿ ಗ್ರೆಗ್ ಲೆಮಾಂಡ್ ಇಂಥ ಚೌಕಟ್ಟಿನ ಮೇಲೆ ಟೂರ್ ಡಿ ಫ್ರಾನ್ಸ್ ಗೆದ್ದ. ಇಂದು ಆ ಪಂದ್ಯದಲ್ಲಿ ಕಾರ್ಬನ್ನಿನದೇ ರಾಜ್ಯಭಾರ. ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಗುವ ಚೌಕಟ್ಟುಗಳೂ ಇವೆ.

ಇದರ ದೌರ್ಬಲ್ಯವಿರುವುದು ಅಡ್ಡಪೆಟ್ಟಿನಲ್ಲಿ. ಕಲ್ಲಿಗೆ ಬಡಿದರೆ, ಗೋಡೆಯ ಅಂಚಿಗೆ ಬಿದ್ದರೆ, ಬೋಲ್ಟನ್ನು ಮಿತಿಮೀರಿ ಬಿಗಿದರೆ ಒಳಪದರಗಳು ಬಿಡಬಹುದು. ಹೊರಗಿನ ಬಣ್ಣ ಮಾತ್ರ ಹೊಳೆಯುತ್ತಲೇ ಇರುತ್ತದೆ. ಅಂಥ ಚೌಕಟ್ಟು ಇಳಿಜಾರಿನಲ್ಲಿ ಮುನ್ಸೂಚನೆಯಿಲ್ಲದೆ ಕೈಕೊಟ್ಟರೆ ಗತಿಯೇನು? ಆದುದರಿಂದ ಕಾರ್ಬನ್ ಕೊಂಡವರು ಬಿಗಿತವನ್ನು ಅಳೆಯುವ ಟಾರ್ಕ್ ಪಾನಾವನ್ನೂ ಕೊಳ್ಳಬೇಕು. ಬೋಲ್ಟಿನ ಬಳಿ ಮುದ್ರಿಸಿದ ಅಂಕಿಯನ್ನು ಮೀರಬಾರದು. ಬಿದ್ದ ಮೇಲೆ ತಿಳಿದವರಿಂದ ಪರೀಕ್ಷೆ ಮಾಡಿಸದೆ ಏರಬಾರದು. ನಾಣ್ಯದಿಂದ ಮೆಲ್ಲನೆ ತಟ್ಟಿದಾಗ ಒಂದೆಡೆ ಸದ್ದು ಮಂಕಾದರೆ ಸಂಶಯಕ್ಕೆ ಕಾರಣವುಂಟು. ಆದರೆ ಸದ್ದು ಸರಿಯಿದ್ದ ಮಾತ್ರಕ್ಕೆ ಚೌಕಟ್ಟು ಸುಸ್ಥಿತಿಯಲ್ಲಿದೆಯೆಂದು ಹೇಳಲಾಗದು.

ತೂಕದ ಭ್ರಮೆ, ಸುಖದ ಭ್ರಮೆ

ಹಗುರವಾದಷ್ಟೂ ಲೇಸೆಂಬ ನಂಬಿಕೆ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. ಸವಾರ 70 ಕಿಲೋ, ಸೈಕಲ್ಲು 10 ಕಿಲೋ, ಒಟ್ಟು 80. ಚೌಕಟ್ಟಿನಲ್ಲಿ ಒಂದು ಕಿಲೋ ಉಳಿಸಿದರೆ ಎಂಬತ್ತರಲ್ಲಿ ಒಂದು ಪಾಲು ಉಳಿಯಿತು. ನಲವತ್ತು ನಿಮಿಷ ಹಿಡಿಯುವ ಕಡಿದಾದ ಏರಿನಲ್ಲಿ ಇದರ ಲಾಭ ಹೆಚ್ಚೆಂದರೆ ಅರ್ಧ ನಿಮಿಷ. ಸಮತಟ್ಟಿನಲ್ಲಿ ಕಾಣುವಂತಹುದೇ ಇಲ್ಲ. ಪಂದ್ಯದವರಿಗೆ ಅರ್ಧ ನಿಮಿಷವೇ ಸರ್ವಸ್ವ. ಅವರಿಗೂ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ 6.8 ಕಿಲೋಗ್ರಾಮಿಗಿಂತ ಹಗುರವಾದ ಸೈಕಲ್ಲನ್ನು ನಿಷೇಧಿಸಿದೆ. ಉಳಿದ ನಮ್ಮಂಥವರಿಗೆ ಹೊಟ್ಟೆಯ ಸುತ್ತ ಒಂದು ಕಿಲೋ ಇಳಿಸುವುದು ಅಗ್ಗದ ಮಾರ್ಗ.

ಉಕ್ಕು ಮೃದು, ಅಲ್ಯೂಮಿನಿಯಂ ಕುಲುಕುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ತ್ರಿಕೋನಗಳಿಂದಾದ ಚೌಕಟ್ಟು ಮೇಲಿನಿಂದ ಕೆಳಕ್ಕೆ ಬಲು ಕಡಿಮೆ ಬಾಗುತ್ತದೆ. ರಸ್ತೆಯ ಪೆಟ್ಟನ್ನು ಹೆಚ್ಚಾಗಿ ನುಂಗುವುದು ಟಯರಿನೊಳಗಿನ ಗಾಳಿ; ಅನಂತರ ಸೀಟು ಮತ್ತು ಅದರ ಕಂಬ. ಹಿಂದೆ 23 ಮಿಲಿಮೀಟರ್ ಅಗಲದ ಟಯರುಗಳು ರೂಢಿಯಲ್ಲಿದ್ದವು. ಈಗ 28, 32 ಮಿಲಿಮೀಟರಿನವು ಬಂದಿವೆ. ಅಗಲ ಟಯರಿಗೆ ಗಾಳಿಯ ಒತ್ತಡ ಕಡಿಮೆ ಸಾಕು. ನಮ್ಮ ರಸ್ತೆಗಳಿಗೆ ಅದೇ ಹಿತ. ಆದುದರಿಂದ ಕೊಳ್ಳುವ ಮೊದಲು, ಎಷ್ಟು ಅಗಲದ ಟಯರಿಗೆ ಈ ಚೌಕಟ್ಟಿನಲ್ಲಿ ಎಡೆಯಿದೆ ಎಂದು ಅವಶ್ಯವಾಗಿ ಕೇಳಬೇಕು. ಅದಕ್ಕೂ ಮಿಗಿಲಾದದ್ದು ಅಳತೆ. ಮೈಗೆ ಹೊಂದದ ಚೌಕಟ್ಟು ಎಷ್ಟು ಬೆಲೆಯದಾದರೂ ಸೊಂಟ, ಕುತ್ತಿಗೆ, ಮೊಣಕಾಲುಗಳಿಗೆ ನೋವನ್ನೇ ತರುತ್ತದೆ.

ನಮ್ಮ ಅಭಿಪ್ರಾಯ

ಪರಿಚಿತ ಕುಟುಂಬವೊಂದರ ಯಜಮಾನರಿಗೆ ಐವತ್ತು ದಾಟಿದೆ. ಸಕ್ಕರೆ ಕಾಯಿಲೆಯ ಸೂಚನೆ ಕಂಡು ವೈದ್ಯರು ವ್ಯಾಯಾಮ ಹೇಳಿದ್ದರು. ಗೆಳೆಯರ ಮಾತಿನಂತೆ ಯಾರೋ ಬಳಸಿಬಿಟ್ಟ ಕಾರ್ಬನ್ ಸೈಕಲ್ಲಿಗೆ ಲಕ್ಷಕ್ಕೂ ಮಿಕ್ಕಿ ಕೊಡಲು ಹೊರಟಿದ್ದರು. ಅವರ ಪತ್ನಿ ನಮ್ಮನ್ನು ಕೇಳಿದ್ದು ಒಂದೇ ಮಾತು: “ಗುರುಗಳೇ, ಮಗಳ ಕಾಲೇಜಿನ ಫೀ ಇದೇ ತಿಂಗಳು ಕಟ್ಟಬೇಕು. ಇವರ ಆರೋಗ್ಯಕ್ಕೆ ಅಷ್ಟು ಬೆಲೆಯದೇ ಆಗಬೇಕೇನು?” ಆಗಬೇಕಾಗಿಲ್ಲವೆಂದೆವು. ಆ ಸೈಕಲ್ಲು ಹಿಂದೆ ಎಲ್ಲಿ ಬಿದ್ದಿತ್ತೆಂಬುದು ಮಾರುವವರಿಗೆ ಮಾತ್ರ ಗೊತ್ತು. ಬಣ್ಣ ಅದನ್ನು ಹೇಳುವುದಿಲ್ಲ. ಅವರು ಅದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೊಸ ಅಲ್ಯೂಮಿನಿಯಂ ಸೈಕಲ್ಲನ್ನು, ಮೈಗೆ ಸರಿಯಾದ ಅಳತೆ ನೋಡಿ ಕೊಂಡರು. ಉಳಿದ ಹಣದಲ್ಲಿ ಹೆಲ್ಮೆಟ್ಟು, ಹಿಂದುಮುಂದಿನ ದೀಪಗಳೂ ಬಂದವು. ಫೀಯೂ ಸಕಾಲಕ್ಕೆ ಸಂದಿತು.

ಹೀಗೆ ವಿಚಾರಿಸಿದಾಗ ನಮಗೆ ತೋರುವುದಿಷ್ಟು. ಹೊಸದಾಗಿ ಆರಂಭಿಸುವವರಿಗೆ, ವಾರಕ್ಕೆ ಎರಡು ಮೂರು ದಿನ ಮೂವತ್ತು ನಲವತ್ತು ಕಿಲೋಮೀಟರ್ ತುಳಿಯುವವರಿಗೆ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಸಾಧ್ಯವಾದರೆ ಕಾರ್ಬನ್ ಫೋರ್ಕು, 28 ಮಿಲಿಮೀಟರಿಗೆ ಕಡಿಮೆಯಿಲ್ಲದ ಟಯರು ಯೋಗ್ಯ. ಹದಿಮೂರೂವರೆ ಗಂಟೆಯಲ್ಲಿ 200 ಕಿಲೋಮೀಟರ್ ಮುಗಿಸುವ ‘ಬ್ರೆವೆ’ಗಳಂತಹ ದೂರದ ಸವಾರಿಯಲ್ಲಿ ಆಸಕ್ತಿಯುಳ್ಳವರು, ಸಾಮಾನು ಹೇರಿಕೊಂಡು ಊರೂರು ಸುತ್ತುವವರು ಕ್ರೋಮೋಲಿ ಉಕ್ಕನ್ನು ಆರಿಸಿದರೆ ಪಶ್ಚಾತ್ತಾಪಪಡಲಾರರು. ವರ್ಷಗಳ ಅಭ್ಯಾಸವಾಗಿ, ಪಂದ್ಯದ ಹಂಬಲವೂ ಜೋಪಾನ ಮಾಡುವ ಶಿಸ್ತೂ ಇರುವ ತರುಣರಿಗೆ ಕಾರ್ಬನ್ ಸಲ್ಲುತ್ತದೆ. ಆದರೆ ಅದನ್ನು ಹೊಸದಾಗಿ, ವಾರಂಟಿಯೊಡನೆ ಕೊಳ್ಳಲಿ. ಬೆಳೆಯುವ ಮಕ್ಕಳಿಗೆ ದುಬಾರಿ ಚೌಕಟ್ಟು ಬೇಡ. ಎರಡು ವರ್ಷದಲ್ಲಿ ಅಳತೆಯೇ ಬದಲಾಗುತ್ತದೆ.

ಶರೀರವನ್ನು ಹೀಗಳೆಯದೆ ಅದನ್ನೇ ಸಾಧನೆಯ ನೆಲೆಯಾಗಿ ಕಂಡ ಪರಂಪರೆ ನಮ್ಮದು. ಆ ಶರೀರವನ್ನು ಚೊಕ್ಕವಾಗಿಡಲು ಮಾಡುವ ವೆಚ್ಚ ದುಂದಲ್ಲ. ನೆರೆಯವರು ನೋಡಲೆಂದು ಮಾಡುವ ವೆಚ್ಚ ದುಂದು. ಇವೆರಡರ ನಡುವಿನ ಗೆರೆಯನ್ನು ಅಂಗಡಿಯವರು ಎಳೆದುಕೊಡಲಾರರು. ಮನೆಮಂದಿಯೆಲ್ಲ ಕುಳಿತು ಎಳೆದುಕೊಳ್ಳಬೇಕು. ಯಾವ ಚೌಕಟ್ಟನ್ನೇ ಆರಿಸಿರಿ, ಅದು ಗೋಡೆಗೊರಗಿ ಧೂಳು ತಿನ್ನದೆ ನಿತ್ಯವೂ ರಸ್ತೆಗಿಳಿಯಲಿ. ಏರಿದವರು ಕ್ಷೇಮವಾಗಿ ಮನೆ ಸೇರಲಿ ಎಂಬುದೇ ನಮ್ಮ ಹಾರೈಕೆ.