ಸಂಗೀತ ವಿದ್ಯಾರ್ಥಿಯ ಮೊದಲ ವರ್ಷ

ಜೂನ್ ತಿಂಗಳು ಬಂದಿತೆಂದರೆ ಮಳೆಯ ಸದ್ದಿನೊಡನೆ ಕಾಲೇಜು ಪ್ರವೇಶದ ಗದ್ದಲವೂ ಮೊದಲಾಗುತ್ತದೆ. ಠಾಣೆ ಸ್ಟೇಶನ್ನಿನ ಪೂರ್ವಕ್ಕಿರುವ ಕೋಪರಿಯಿಂದ ತೊಡಗಿ ಡೊಂಬಿವಲಿ, ಕಲ್ಯಾಣಗಳವರೆಗೆ ನೆಲೆಸಿರುವ ನಮ್ಮವರ ಮನೆಗಳಲ್ಲಿ ಆಗ ಮಕ್ಕಳ ಮುಂದಿನ ದಾರಿಯದೇ ಮಾತು. ವಾಣಿಜ್ಯ, ವಿಜ್ಞಾನ, ಹೋಟೆಲ್ ಆಡಳಿತ ಇವು ನಮಗೆ ಪರಿಚಿತವಾದ ಹಾದಿಗಳು. ಆದರೆ ಮಗನೋ ಮಗಳೋ ಸಂಗೀತವನ್ನೇ ಅಭ್ಯಾಸದ ವಿಷಯವನ್ನಾಗಿ ಆರಿಸಿಕೊಳ್ಳುವೆನೆಂದಾಗ ಮನೆಯ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುವುದು ಸಹಜ. ಇದರಿಂದ ಹೊಟ್ಟೆ ತುಂಬೀತೆ ಎಂಬುದು ಅವರ ಮೊದಲ ಪ್ರಶ್ನೆ. ಸೇರಿದ ಮಗು ಈ ವಿದ್ಯೆಯಲ್ಲಿ ನೆಲೆ ನಿಂತೀತೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ಮೊದಲ ವರ್ಷದಲ್ಲಿ ಉತ್ತರಿಸಬೇಕಾದದ್ದು ಈ ಎರಡನೆಯ ಪ್ರಶ್ನೆಗೇ.

ಸಂಗೀತಕ್ಕೆ ಸೇರುವ ನಮ್ಮ ಮಕ್ಕಳು ಬರಿಗೈಯಲ್ಲಿ ಹೋಗುವವರಲ್ಲ. ಭಜನಾ ಮಂಡಳಿಗಳ ಹಾಡು, ಶನಿಗ್ರಂಥ ಪಾರಾಯಣ, ಯಕ್ಷಗಾನದ ಭಾಗವತರ ಪದ, ದಾಸರ ದೇವರನಾಮ, ಚಲಚ್ಚಿತ್ರ ಗೀತೆ, ಇವೆಲ್ಲ ಅವರ ಕಿವಿಯಲ್ಲಿ ತುಂಬಿರುತ್ತವೆ. ನವರಾತ್ರಿಯ ಪೂಜೆಯಲ್ಲಿ ಹಾಡಿ ಶಾಲು ಹೊದಿಸಿಕೊಂಡವರೂ ಅವರಲ್ಲಿ ಉಂಟು. ಅಂಥವರನ್ನು ತರಗತಿಯಲ್ಲಿ ಕುಳ್ಳಿರಿಸಿ, ತಂಬೂರಿಯನ್ನು ಮೀಟುತ್ತ, ಷಡ್ಜವೊಂದನ್ನೇ ಹಿಡಿದು ನಿಲ್ಲಿಸೆಂದು ಗುರುಗಳು ಹೇಳುತ್ತಾರೆ. ಒಂದು ವಾರ ಕಳೆಯುತ್ತದೆ, ಒಂದು ತಿಂಗಳು ಕಳೆಯುತ್ತದೆ. ಇಪ್ಪತ್ತು ಹಾಡು ಬಲ್ಲವನಿಗೆ ಒಂದು ಸ್ವರವೂ ಸರಿಯಾಗಿ ಬಾರದೆಂದು ತಿಳಿಯುತ್ತದೆ. ಮೊದಲ ವರ್ಷದ ನಿಜವಾದ ಕಷ್ಟ ಇದೇ. ಶುಲ್ಕವನ್ನು ಹೇಗಾದರೂ ಹೊಂದಿಸಬಹುದು, ರೈಲಿನ ನೂಕುನುಗ್ಗಲನ್ನು ಸಹಿಸಬಹುದು. ಬಲ್ಲವನೆನಿಸಿಕೊಂಡವನು ಮರಳಿ ಅರಿಯದವನಾಗಲು ಒಪ್ಪುವುದು ಮಾತ್ರ ಬಹಳ ಕಠಿಣ.

ಬಾಲಪ್ರತಿಭೆಯೂ ಪಾಠಶಾಲೆಯೂ

ಈ ಮಾತಿಗೆ ನಮ್ಮವರದೇ ಆದ ದೊಡ್ಡ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿಮಠ ಎಂಬ ಬಾಲಕನು ದೊಡ್ಡ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ, ಅವರ ಗಾಯನವನ್ನು ಇದ್ದಂತೆಯೇ ಹಾಡಿ ತೋರಿಸುತ್ತಿದ್ದನು. ಊರೂರುಗಳಲ್ಲಿ ಅವನ ಕಚೇರಿಗಳಾದವು; ಕುಮಾರ ಗಂಧರ್ವನೆಂಬ ಬಿರುದು ಎಳವೆಯಲ್ಲಿಯೇ ಬಂದಿತು. 1936ರಲ್ಲಿ ಮುಂಬಯಿಯ ರಸಿಕರೂ ಅವನನ್ನು ಕೇಳಿ ಬೆರಗಾದರು. ಅಷ್ಟಾದ ಮೇಲೆ ಆ ಬಾಲಕನು ಗಿರಗಾಂವದ ಆಪೆರಾ ಹೌಸ್ ಸಮೀಪದಲ್ಲಿದ್ದ ಪ್ರೊ. ಬಿ. ಆರ್. ದೇವಧರರ ಸಂಗೀತ ಶಾಲೆಯ ವಿದ್ಯಾರ್ಥಿಯಾದನು.

ಜನರು ಕಿಕ್ಕಿರಿದು ಕೇಳುತ್ತಿದ್ದ ಬಾಲಗಾಯಕನಿಗೆ ಶಾಲೆಯೇಕೆ ಎಂದು ಆಗ ಯಾರಾದರೂ ಕೇಳಬಹುದಾಗಿತ್ತು. ಆದರೆ ಅನುಕರಣ ಬೇರೆ, ಅರಿವು ಬೇರೆ. ಪರರ ಕಂಠವನ್ನು ಒಪ್ಪಿಸುತ್ತಿದ್ದವನು ರಾಗದ ಒಳಗುಟ್ಟನ್ನು ತಿಳಿಯತೊಡಗಿದ್ದು ಆ ಶಾಲೆಯಲ್ಲಿ. ದೇವಧರರು ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ನಾನಾ ಘರಾಣೆಗಳ ಬಂದಿಶ್‌ಗಳನ್ನು ಸಂಗ್ರಹಿಸಿ ವಿಚಾರ ಮಾಡಿದವರು. ಮುಂದೆ ಕುಮಾರ ಗಂಧರ್ವರು ಅದೇ ಶಾಲೆಯಲ್ಲಿ ಪಾಠ ಹೇಳುವವರೂ ಆದರು. ಹಿಂದೂಸ್ತಾನಿ ಸಂಗೀತದಲ್ಲಿ ತಮ್ಮದೇ ದಾರಿಯನ್ನು ಕಡಿದ ಆ ಮಹನೀಯರು 1992ರಲ್ಲಿ ತೀರಿಕೊಂಡರು. ಅವರ ಸ್ವಂತ ದಾರಿಯ ಮೊದಲ ಮೆಟ್ಟಿಲು ತನಗೆ ಬಂದದ್ದನ್ನು ಬದಿಗಿಟ್ಟು ಕಲಿಯಲು ಕುಳಿತದ್ದೇ ಆಗಿತ್ತು.

ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರ ಕಥೆ ಇನ್ನೂ ವಿಚಾರಾರ್ಹವಾದುದು. ಅವರು ನಾಟಕ ಕಂಪನಿಯಲ್ಲಿ ಬೆಳೆದು, ಮೀರಜದ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಹೆಸರಾದ ಗಾಯಕರಾಗಿದ್ದರು. ಹಾಗಿದ್ದೂ ಅಲ್ಲಾದಿಯಾ ಖಾನರ ಮಗ ಮಂಜೀಖಾನರಲ್ಲಿ ಜಯಪುರ ಘರಾಣೆಯ ಪಾಠವನ್ನು ಹೊಸದಾಗಿ ಆರಂಭಿಸಿದರು. 1937ರಲ್ಲಿ ಮಂಜೀಖಾನರು ಅಕಾಲ ಮೃತ್ಯುವಿಗೆ ತುತ್ತಾದಾಗ ಅವರ ತಮ್ಮ ಭೂರ್ಜೀಖಾನರಲ್ಲಿ ಅದನ್ನು ಮುಂದುವರಿಸಿದರು. ಹೆಸರು ಬಂದ ಮೇಲೂ ಮೊದಲ ವರ್ಷದ ವಿದ್ಯಾರ್ಥಿಯಾಗಬಲ್ಲವನೇ ನಿಜವಾದ ವಿದ್ಯಾರ್ಥಿಯಲ್ಲವೆ?

ಹೆಸರುಗಳ ಗೊಂದಲ

ತೆಂಕಣ ಪದ್ಧತಿಯಲ್ಲಿ ಸರಳೆ, ಜಂಟಿ ವರಸೆಗಳನ್ನು ಕಲಿತು ಇಲ್ಲಿ ಹಿಂದೂಸ್ತಾನಿ ತರಗತಿಗೆ ಸೇರುವವರಿಗೆ ಬೇರೊಂದು ತೊಡಕು ಎದುರಾಗುತ್ತದೆ. ಅಲ್ಲಿ ಮಾಯಾಮಾಳವಗೌಳದಿಂದ ಪಾಠ ಆರಂಭ. ಇಲ್ಲಿ ಶುದ್ಧ ಸ್ವರಗಳ ಬಿಲಾವಲ್‌ನಿಂದ. ಅಲ್ಲಿಯ ಕಲ್ಯಾಣಿಗೆ ಇಲ್ಲಿ ಯಮನ್ ಹತ್ತಿರ, ಮೋಹನಕ್ಕೆ ಭೂಪ್ ಹತ್ತಿರ. ಇಷ್ಟರವರೆಗೆ ಸುಲಭ. ಆದರೆ ಇಲ್ಲಿಯ ಭೈರವಿಯು ಅಲ್ಲಿಯ ತೋಡಿಯ ಸ್ವರಗಳನ್ನು ಹೊಂದಿದೆ. ಇಲ್ಲಿಯ ತೋಡಿಯ ಸ್ವರಗಳು ಅಲ್ಲಿಯ ಶುಭಪಂತುವರಾಳಿಯವು. ಅಲ್ಲಿಯ ಹಿಂದೋಳವನ್ನು ಇಲ್ಲಿ ಮಾಲಕಂಸ್ ಎನ್ನುತ್ತಾರೆ. ಇಲ್ಲಿಯ ಹಿಂಡೋಲ್ ಎಂಬುದು ತೀವ್ರ ಮಧ್ಯಮವುಳ್ಳ ಬೇರೆಯೇ ರಾಗ. ಕಾಫಿ ಎಂದೊಡನೆ ಹೋಟೆಲಿನವರ ಮನೆಯ ಮಕ್ಕಳಿಗೆ ನಗು ಬರುವುದುಂಟು. ಆದರೆ ಅದು ಭಾತಖಂಡೆಯವರು ವಿಂಗಡಿಸಿದ ಹತ್ತು ಥಾಟ್‌ಗಳಲ್ಲಿ ಒಂದೆಂಬುದನ್ನು ಪರೀಕ್ಷೆಯಲ್ಲಿ ಬರೆಯಬೇಕಾಗುತ್ತದೆ.

ತಾಳದ ವಿಷಯವೂ ಹೀಗೆಯೇ. ಆದಿತಾಳದ ಎಂಟು ಅಕ್ಷರಗಳನ್ನು ಬೆರಳೆಣಿಸಿ ಹಾಕಿದವರು ಇಲ್ಲಿ ತೀನ್‌ತಾಲದ ಹದಿನಾರು ಮಾತ್ರೆಗಳನ್ನು ತಬಲೆಯ ಬೋಲುಗಳಿಂದಲೇ ಗುರುತಿಸಬೇಕು. ಒಂಬತ್ತನೆಯ ಮಾತ್ರೆಯ ಖಾಲಿಯನ್ನು ಕಿವಿಯೇ ಹೇಳುವ ತನಕ ಸಮಕ್ಕೆ ಬರುವುದು ಅದೃಷ್ಟದ ಮಾತಾಗಿರುತ್ತದೆ. ಹಿಂದೆ ಕಲಿತದ್ದು ವ್ಯರ್ಥವೆಂದು ಇದರಿಂದ ತಿಳಿಯಬಾರದು. ಹೋಲಿಸುವ ಆತುರವನ್ನು ಒಂದು ವರ್ಷ ತಡೆದಿಟ್ಟರೆ ಸಾಕು.

ಸಹಪಾಠಿಗಳ ನಡುವೆ ಕೀಳರಿಮೆಯೂ ಕಾಡುತ್ತದೆ. ಮರಾಠಿ ಮನೆಗಳ ಮಕ್ಕಳಿಗೆ ಅಭಂಗ, ನಾಟ್ಯಸಂಗೀತ ತೊಟ್ಟಿಲಿನಿಂದಲೇ ಪರಿಚಿತ. ಬಂದಿಶ್‌ಗಳ ಮಾತು ಹೆಚ್ಚಾಗಿ ವ್ರಜಭಾಷೆಯದು. ಪಾಠದ ವಿವರಣೆ ಮರಾಠಿ, ಹಿಂದಿ, ಇಂಗ್ಲಿಷ್‌ಗಳಲ್ಲಿ. ತಾನು ಹೊರಗಿನವನೆಂದು ಅನಿಸಿದಾಗ ನಮ್ಮ ವಿದ್ಯಾರ್ಥಿಯು ಒಂದು ಸಂಗತಿಯನ್ನು ನೆನೆಯಬೇಕು. ಮರಾಠಿ ರಂಗಭೂಮಿಯ ಕೀರ್ತಿಶಾಲಿ ಗಾಯಕನಟರಲ್ಲೊಬ್ಬರಾದ ಸವಾಯಿ ಗಂಧರ್ವರು ಕುಂದಗೋಳದ ಕನ್ನಡಿಗರು.

ತರಗತಿಯ ಬಾಗಿಲು ತೆರೆದವರು

ಸಂಗೀತವನ್ನು ವೇಳಾಪತ್ರಿಕೆಯಲ್ಲಿ ಕಲಿಯಲು ಸಾಧ್ಯವೆ ಎಂದು ಕೇಳುವವರಿದ್ದಾರೆ. ಗುರುಗೃಹದಲ್ಲಿ ವರ್ಷಗಟ್ಟಲೆ ಸೇವೆ ಮಾಡಿ ಪಡೆಯುತ್ತಿದ್ದ ವಿದ್ಯೆ ಗಂಟೆ ಬಾರಿಸಿದೊಡನೆ ಮುಗಿಯುವ ಪಾಠದಲ್ಲಿ ಪೂರ್ಣವಾಗಿ ದೊರೆಯದೆಂಬುದು ನಿಜ. ಆದರೆ ಆ ಗುರುಗೃಹದ ಬಾಗಿಲು ಎಷ್ಟು ಜನರಿಗೆ ತೆರೆದಿತ್ತು? ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, 1908ರಲ್ಲಿ ಮುಂಬಯಿಗೂ ತಂದದ್ದರಿಂದ ಸಾಮಾನ್ಯ ಗೃಹಸ್ಥರ ಮಕ್ಕಳೂ ತರಗತಿಯಲ್ಲಿ ಕುಳಿತು ಸ್ವರ ಕಲಿಯುವ ಮಾರ್ಗ ತೆರೆಯಿತು. ದೇವಧರರು ಅವರ ಶಿಷ್ಯರೇ. 1931ರಲ್ಲಿ ಸ್ಥಾಪಿತವಾದ ಅಖಿಲ ಭಾರತೀಯ ಗಂಧರ್ವ ಮಹಾವಿದ್ಯಾಲಯ ಮಂಡಲವು ಆ ಕಾರ್ಯವನ್ನು ಮುಂದುವರಿಸಿದ್ದು, ಅದರ ಕಾರ್ಯಾಲಯ ನವಿಮುಂಬಯಿಯ ವಾಶಿಯಲ್ಲಿದೆ. 2004ರಲ್ಲಿ ಠಾಣೆ-ವಾಶಿ ರೈಲುಮಾರ್ಗವಾದ ಮೇಲೆ ಕೋಪರಿಯವರಿಗೆ ಅದು ದೂರವಲ್ಲ. ಪ್ರಾರಂಭಿಕದಿಂದ ಪ್ರವೇಶಿಕಾ, ಮಧ್ಯಮಾಗಳ ಮೂಲಕ ವಿಶಾರದ ಪೂರ್ಣದವರೆಗೆ ಏಳು ಪರೀಕ್ಷೆಗಳು. ಅದರ ಮೇಲೆ ಅಲಂಕಾರ. ಪೂರ್ಣಕಾಲ ಕಾಲೇಜು ಸೇರಲಾರದ ಗುಮಾಸ್ತನೂ ಹೋಟೆಲ್ ಕೆಲಸಗಾರನೂ ಸಮೀಪದ ಗುರುಗಳಲ್ಲಿ ಪಾಠ ಹೇಳಿಸಿಕೊಂಡು ಈ ಮೆಟ್ಟಿಲುಗಳನ್ನು ಏರಬಹುದು. ಕಾಲೇಜಿಗೇ ಹೋಗುವವರಿಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿಯೂ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ಸಂಗೀತ ವಿಭಾಗಗಳಿವೆ.

ಆದರೆ ಪರೀಕ್ಷೆಯೇ ವಿದ್ಯೆಯಲ್ಲ. ಕೋಮಲ ಸ್ವರದ ಕೆಳಗೆ ಗೆರೆ ಎಳೆದು, ತೀವ್ರ ಮಧ್ಯಮದ ತಲೆಯ ಮೇಲೆ ಗೀಟು ಹಾಕಿ ಸ್ವರಲಿಪಿ ಬರೆಯಲು ವಾರದಲ್ಲಿ ಕಲಿಯಬಹುದು; ಆ ಸ್ವರವನ್ನು ಕಂಠದಲ್ಲಿ ಕೂಡಿಸಲು ವರ್ಷ ಸಾಲದು. ತರಗತಿಯಲ್ಲಿ ದೊರೆಯುವುದು ಬೀಜ. ಅದು ಮೊಳೆಯುವುದು ಮನೆಯ ಸಾಧನೆಯಲ್ಲಿ.

ಒಂದೇ ಖೋಲಿಯಲ್ಲಿ ಸಾಧನೆ

ನಮ್ಮವರ ನಿಜವಾದ ಅಡಚಣೆ ಇಲ್ಲಿಯೇ. ಒಂದೇ ಖೋಲಿ, ರಾತ್ರಿಯ ಪಾಳಿ ಮುಗಿಸಿ ಬಂದ ತಂದೆ ಮಲಗಿದ್ದಾರೆ, ಗೋಡೆಯಾಚೆ ನೆರೆಯವರು. ಬೆಳಗಿನ ಖರಜದ ಸಾಧನೆಗೆ ಎಡೆಯೆಲ್ಲಿ? ದೊಡ್ಡ ತಂಬೂರಿ ಇಡಲು ಸ್ಥಳವಿಲ್ಲವೆಂಬ ಕೊರತೆಯನ್ನು ಈಗ ವಿದ್ಯುತ್ ತಂಬೂರಿಯೂ ಮೊಬೈಲೂ ನೀಗಿಸಿವೆ. ಮಂದ್ರದ ಸ್ವರಗಳಿಗೆ ಎತ್ತರದ ದನಿ ಬೇಡ. ಮೆಲ್ಲನೆಯ, ತುಂಬಿದ ದನಿ ಸಾಕು. ರೈಲಿನಲ್ಲಿ ಕುಳಿತು ಬಂದಿಶ್‌ನ ಮಾತುಗಳನ್ನು ತಾಳಕ್ಕೆ ಹೊಂದಿಸಿ ಮನಸ್ಸಿನಲ್ಲಿಯೇ ಎಣಿಸುವುದೂ ಸಾಧನೆಯೇ. ಹೆಸರಾಂತ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಸಂಸಾರದ ಹೊರೆಯನ್ನು ಹೊತ್ತುಕೊಂಡೇ ಅವರು ಮಾಡಿದ ಆ ಪ್ರಯಾಣವು ಲೋಕಲ್ ಗಾಡಿಯಲ್ಲಿ ದಿನ ಕಳೆಯುವ ನಮಗೆ ಧೈರ್ಯ ತರಬೇಕು.

ಮನೆಯವರು ಮಾಡಬೇಕಾದದ್ದು ಹೆಚ್ಚಿಲ್ಲ. ದಿನಕ್ಕೊಂದು ಗಂಟೆ ಟೆಲಿವಿಷನ್ನನ್ನು ನಿಲ್ಲಿಸುವುದು. ಮೂರು ತಿಂಗಳಾಯಿತು, ಒಂದು ಹಾಡು ಹಾಡು ನೋಡೋಣವೆಂದು ನೆಂಟರ ಮುಂದೆ ಒತ್ತಾಯಿಸದಿರುವುದು. ಬೇರು ಬಿಡುವ ಕಾಲದಲ್ಲಿ ಗಿಡವನ್ನು ಕಿತ್ತು ನೋಡಬಾರದು. ವೇದಿಕೆಯ ಚಪ್ಪಾಳೆಯ ಆಸೆಯು ಮೊದಲ ವರ್ಷದ ವಿದ್ಯಾರ್ಥಿಗೆ ಆಲಸ್ಯಕ್ಕಿಂತಲೂ ಹೆಚ್ಚಿನ ಕೇಡನ್ನು ಮಾಡಬಲ್ಲುದು.

ಇನ್ನು ಹೊಟ್ಟೆಪಾಡಿನ ಪ್ರಶ್ನೆ. ಗದುಗಿನ ಭೀಮಸೇನ ಜೋಶಿಯವರು 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನರಸಿ ಮನೆ ಬಿಟ್ಟು, ಗ್ವಾಲಿಯರ್, ಜಲಂಧರಗಳನ್ನು ಸುತ್ತಿ, ಕೊನೆಗೆ ತಮ್ಮ ನಾಡಿನ ಕುಂದಗೋಳದಲ್ಲಿಯೇ ಗುರುವನ್ನು ಪಡೆದರು, 2008ರಲ್ಲಿ ಭಾರತರತ್ನರಾದರು. ಈ ಕಥೆಯನ್ನು ಕೇಳಿ ಎಲ್ಲರೂ ಮನೆ ಬಿಡಬೇಕೆಂದಿಲ್ಲ. ಎಲ್ಲರೂ ಭೀಮಸೇನರಾಗುವುದೂ ಇಲ್ಲ. ಕಲಿತ ಹಲವರು ಸಂಗೀತ ಶಿಕ್ಷಕರಾಗುತ್ತಾರೆ, ಸಾಥಿದಾರರಾಗುತ್ತಾರೆ. ಮತ್ತೆ ಹಲವರು ಆಫೀಸಿನ ಕೆಲಸ ಮಾಡುತ್ತಲೇ ಸಂಜೆ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಾರೆ. ಆದುದರಿಂದ ಜೀವನೋಪಾಯದ ಮತ್ತೊಂದು ವಿದ್ಯೆಯನ್ನು ಜೊತೆಗಿರಿಸಿಕೊಂಡು ಸಂಗೀತ ಕಲಿಯುವುದು ವಿವೇಕವೇ ಹೊರತು ಕಲೆಗೆ ಬಗೆದ ದ್ರೋಹವಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮುಂದೆ ಬಂದ ಮುಂಬಯಿ ಕನ್ನಡಿಗರಿಗೆ ಎರಡು ಹೊರೆಗಳನ್ನು ಒಟ್ಟಿಗೆ ಹೊರುವುದು ಹೊಸದೇನೂ ಅಲ್ಲ.

ಮೊದಲ ವರ್ಷದ ಕೊನೆಯಲ್ಲಿ ಮಗುವಿಗೆ ಎಷ್ಟು ರಾಗ ಬಂದಿತೆಂದು ಲೆಕ್ಕ ಕೇಳುವುದು ಬೇಡ. ಶ್ರುತಿ ತಪ್ಪಿದಾಗ ಅದರ ಕಿವಿಗೆ ತಾನಾಗಿಯೇ ತಿಳಿಯುತ್ತದೆಯೆ, ತಪ್ಪಿದ ಸ್ವರವನ್ನು ಬೇಸರಿಸದೆ ಮತ್ತೆ ಹಿಡಿಯುತ್ತದೆಯೆ ಎಂಬುದನ್ನು ನೋಡಿದರೆ ಸಾಕು. ಅಷ್ಟಾಗಿದ್ದರೆ ಆ ವರ್ಷ ಸಾರ್ಥಕವಾಯಿತೆಂದೇ ತಿಳಿಯಬೇಕು. ಉಳಿದದ್ದು ಕಾಲದ, ಗುರುವಿನ, ದುಡಿಮೆಯ ಕೆಲಸ.