ಬೇಗಂಪೇಟೆಯ ಸೊಳ್ಳೆ, ಗ್ರಾಫ್ ಹಾಳೆಯ ಗೆರೆ



ಮನೆಯಲ್ಲಿ ಇಂಟರ್ ಓದುವ ಮಕ್ಕಳಿದ್ದರೆ 'ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್' ಎಂಬ ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕನ್ನಡದಲ್ಲಿ ಘಾತೀಯ ಫಲನ. ಕನ್ನಡ ಬಿ.ಎ. ಮಾಡಿ ಮೈಕ್ ಮುಂದೆ ಕೂತವಳಿಗೆ ಗಣಿತದ ಉಸಾಬರಿ ಏಕೆ ಅಂತೀರಾ? ಈ ಗೆರೆಗೂ ನಮ್ಮ ಬೇಗಂಪೇಟೆಗೂ ನಂಟಿದೆ, ಅದಕ್ಕೆ!

1897ರ ಆಗಸ್ಟ್ 20ರಂದು ಸೇನಾ ವೈದ್ಯ ರೊನಾಲ್ಡ್ ರಾಸ್ ಇಲ್ಲಿ ಸೊಳ್ಳೆಯೊಂದರ ಹೊಟ್ಟೆ ಸೀಳಿ ನೋಡಿದಾಗ ಅದರಲ್ಲಿ ಮಲೇರಿಯಾದ ರೋಗಾಣು ಕಂಡಿತು. 1902ರಲ್ಲಿ ಅವರಿಗೆ ನೊಬೆಲ್ ಬಂತು. ಆಗಸ್ಟ್ 20 ಇಂದಿಗೂ ವಿಶ್ವ ಸೊಳ್ಳೆ ದಿನ. ರಾಸ್‌ಗೆ ಗಣಿತದ ಹುಚ್ಚೂ ಇತ್ತು. ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ಮಲೇರಿಯಾ ತಾನೇ ಅಡಗುತ್ತದೆ ಎಂದು ಅವರು ಲೆಕ್ಕ ಹಾಕಿಯೇ ತೋರಿಸಿದ್ದರು.

ಈಗ ಪೆನ್ಸಿಲ್ ಹಿಡಿಯಿರಿ. ವೈ ಎಂದರೆ 2ರ ಘಾತ ಎಕ್ಸ್. ಎಕ್ಸ್‌ಗೆ 0, 1, 2, 3 ಕೊಡಿ. ವೈಗೆ 1, 2, 4, 8 ಬರುತ್ತದೆ. ಸೊನ್ನೆ ಕೊಟ್ಟರೆ ಸೊನ್ನೆ ಬರುವುದಿಲ್ಲ, 1 ಬರುತ್ತದೆ, ನೆನಪಿರಲಿ. ಎಡಕ್ಕೆ ಹೋಗಿ ಮೈನಸ್ 1, ಮೈನಸ್ 2 ಕೊಟ್ಟರೆ ಅರ್ಧ, ಕಾಲು. ಚುಕ್ಕೆಗಳನ್ನು ಸ್ಕೇಲ್ ಇಡದೆ ಕೈಯಿಂದಲೇ ನಯವಾಗಿ ಸೇರಿಸಿ. ಗೆರೆ ಎಡಗಡೆ ಎಕ್ಸ್ ಅಕ್ಷದ ಹತ್ತಿರ ಹತ್ತಿರ ಹೋಗುತ್ತದೆ, ಆದರೆ ಎಂದೂ ಮುಟ್ಟುವುದಿಲ್ಲ. ಬಲಗಡೆ ಜಿಗಿದು ಮೇಲೇರುತ್ತದೆ.

ಎಷ್ಟು ಜೋರು? ರಾಸ್‌ರ ರೋಗಾಣುವನ್ನೇ ಕೇಳೋಣ. ಫಾಲ್ಸಿಪ್ಯಾರಮ್ ಮಲೇರಿಯಾದ ರೋಗಾಣು ರಕ್ತದಲ್ಲಿ ಎರಡು ದಿನಕ್ಕೊಮ್ಮೆ ಸುಮಾರು ಹತ್ತು ಪಟ್ಟಾಗಬಲ್ಲದು. ಮೊದಲ ದಿನ 10,000 ಇದ್ದವು ಎಂದಿಟ್ಟುಕೊಳ್ಳಿ. ಎರಡು ದಿನಕ್ಕೆ 1 ಲಕ್ಷ, ನಾಲ್ಕಕ್ಕೆ 10 ಲಕ್ಷ, ಆರಕ್ಕೆ 1 ಕೋಟಿ, ಎಂಟಕ್ಕೆ 10 ಕೋಟಿ! ಗ್ರಾಫ್ ಹಾಳೆಯಲ್ಲಿ ಲಕ್ಷಕ್ಕೆ ಒಂದು ಸೆಂಟಿಮೀಟರ್ ಅಳತೆ ಇಟ್ಟರೆ ಮೊದಲ ಚುಕ್ಕೆ ಒಂದು ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಕಣ್ಣಿಗೇ ಕಾಣದು. ನಾಲ್ಕನೇ ದಿನದ್ದು 10 ಸೆಂಟಿಮೀಟರ್. ಆರನೇ ದಿನ ಒಂದು ಮೀಟರ್, ಹಾಳೆ ದಾಟಿತು. ಎಂಟನೇ ದಿನ 10 ಮೀಟರ್, ಅಂದರೆ ಮೂರಂತಸ್ತಿನ ಮನೆಯಷ್ಟು! ಮೊದಲ ದಿನಗಳಲ್ಲಿ ರೋಗಿಗೆ ಏನೂ ಗೊತ್ತಾಗದಿರುವುದೂ, ಆಮೇಲೆ ಒಮ್ಮೆಲೇ ಮಲಗಿಬಿಡುವುದೂ ಇದಕ್ಕೇ. ಚಳಿಜ್ವರ ಬಂದರೆ 'ಎರಡು ದಿನ ನೋಡೋಣ' ಎನ್ನಬೇಡಿ. ಆ ಎರಡು ದಿನದ ಬೆಲೆ ಹತ್ತು ಪಟ್ಟು! ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.

ಇನ್ನು ಇಳಿಯುವ ಗೆರೆ. ಘಾತದ ಆಧಾರ ಸಂಖ್ಯೆ ಒಂದಕ್ಕಿಂತ ಕಡಿಮೆಯಿದ್ದರೆ, ಉದಾಹರಣೆಗೆ ಅರ್ಧವಿದ್ದರೆ, ಗೆರೆ ಎಡದಿಂದ ಬಲಕ್ಕೆ ಕೆಳಗಿಳಿಯುತ್ತದೆ. ಆರ್ಟಿಮಿಸಿನಿನ್ ಜಾತಿಯ ಔಷಧಿಯ ಗೆರೆ ಇಂಥದ್ದು, ಬಹಳ ಕಡಿದು. ಚೆನ್ನಾಗಿ ಕೆಲಸ ಮಾಡಿದರೆ ಎರಡು ದಿನದಲ್ಲಿ ರೋಗಾಣುಗಳನ್ನು ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. 10 ಕೋಟಿ ಇದ್ದದ್ದು 10,000 ಆಯಿತು. ಜ್ವರ ಬಿಟ್ಟಿತು, ಹಸಿವಾಯಿತು, 'ಇನ್ನೇಕೆ ಮಾತ್ರೆ' ಅನ್ನಿಸುತ್ತದೆ. ಆದರೆ ಆ 10,000 ಯಾವುದು? ನಾವು ಲೆಕ್ಕ ಶುರುಮಾಡಿದ ಸಂಖ್ಯೆಯೇ! ಮಾತ್ರೆ ಅಲ್ಲಿಗೇ ನಿಲ್ಲಿಸಿದರೆ ಮೇಲೇರುವ ಗೆರೆ ಮತ್ತೆ ಮೊದಲಾಗಬಹುದು. ಗಣಿತದ ಗೆರೆ ಸೊನ್ನೆ ಮುಟ್ಟುವುದಿಲ್ಲ, ನಿಜ. ಆದರೆ ಅರ್ಧ ರೋಗಾಣು ಎಂಬುದಿಲ್ಲವಲ್ಲ! ಸಂಖ್ಯೆ ಒಂದಕ್ಕಿಂತ ಕೆಳಗಿಳಿದರೆ ರೋಗ ಮುಗಿದಂತೆ. ಅಲ್ಲಿಯವರೆಗೆ ಒಯ್ಯುವುದಕ್ಕೇ ವೈದ್ಯರು ಕೋರ್ಸ್ ಪೂರ್ತಿ ಮಾಡಿ ಎನ್ನುವುದು.

ಮುಂದಿನ ಸಲ ಮಗ ಗ್ರಾಫ್ ಹಾಳೆ ಬಿಡಿಸಿ 'ಇದೆಲ್ಲ ಯಾವ ಉಪಯೋಗಕ್ಕೆ' ಎಂದರೆ ಈ ಲೆಕ್ಕ ಹಾಕಿಸಿ. ಹಾಗೆಯೇ ಹೂಕುಂಡದ ತಟ್ಟೆ, ಕೂಲರ್‌ಗಳಲ್ಲಿ ನಿಂತ ನೀರನ್ನೂ ಅವನ ಕೈಯಲ್ಲೇ ಚೆಲ್ಲಿಸಿ. ರೇಡಿಯೋದಲ್ಲಿ ಮತ್ತೆ ಸಿಗೋಣ, ಕೇಳ್ತಾ ಇರಿ!